ಡ್ರಮ್ಮಿನ ತಳದಲ್ಲಿ ಉಳಿದದ್ದು

ಆ ಮನೆಯಲ್ಲಿ ಯಾವುದನ್ನೂ ಚೆಲ್ಲುವ ಪದ್ಧತಿ ಇರಲಿಲ್ಲ. ಹಾಲಿನ ಪಾತ್ರೆಯ ತಳಕ್ಕೆ ಹತ್ತಿದ ಕೆನೆಯನ್ನು ಚಮಚದಿಂದ ಕೆರೆದು ತಿನ್ನುತ್ತಿದ್ದರು. ಟೂತ್‌ಪೇಸ್ಟಿನ ಟ್ಯೂಬನ್ನು ಕತ್ತರಿಯಿಂದ ಸೀಳಿ ಇನ್ನೂ ನಾಲ್ಕು ದಿನ ಹಲ್ಲುಜ್ಜುತ್ತಿದ್ದರು. ಸವೆದ ಸೋಪಿನ ಚೂರನ್ನು ಹೊಸ ಸೋಪಿನ ಬೆನ್ನಿಗೆ ಅಂಟಿಸುತ್ತಿದ್ದರು. ಹಾಗಂತ ತಿನ್ನಲು ಉಣ್ಣಲು ಕೊರತೆ ಏನಿರಲಿಲ್ಲ. ನೂರ ಅರವತ್ತು ಮರಗಳ ಕಿತ್ತಳೆ ತೋಟವಿತ್ತು, ಲಿಫ್ಟ್ ಮೆಕ್ಯಾನಿಕ್ ಆಗಿದ್ದ ಮಗ ತಿಂಗಳ ಸಂಬಳ ತರುತ್ತಿದ್ದ. ಇದು ಬಡತನವಲ್ಲ, ಸ್ವಭಾವ. ಯಜಮಾನರಿಗೂ ಅವರ ಹೆಂಡತಿಗೂ ಬೇರೆ ಎಲ್ಲ ವಿಷಯದಲ್ಲೂ ಎಣ್ಣೆ ಸೀಗೆಕಾಯಿ. ಈ ಒಂದರಲ್ಲಿ ಮಾತ್ರ ನಲವತ್ತು ವರ್ಷಗಳಿಂದ ಒಂದೇ ಮನಸ್ಸು.

ಆ ಮನೆಗೆ ಬಂದ ಸೊಸೆ ಮದುವೆಗೆ ಮುಂಚೆ ಆರು ವರ್ಷ ಔಷಧಿ ಅಂಗಡಿಯಲ್ಲಿ ದುಡಿದವಳು. ‘ಅಂದಾಜು’ ಎಂಬ ಮಾತು ಕಿವಿಗೆ ಬಿದ್ದರೇ ಅವಳಿಗೆ ಆಗುತ್ತಿರಲಿಲ್ಲ. ಬೇಳೆಗೆ ಹಾಕುವ ಉಪ್ಪನ್ನೂ ಚಮಚದ ಅಂಚು ಸವರಿ ಹಾಕುವಳು. ಅತ್ತೆ ಮೊದಮೊದಲು ನಕ್ಕರೂ ಎಂಟು ವರ್ಷದಲ್ಲಿ ಒಂದು ದಿನವೂ ಅವಳ ಅಡುಗೆಯಲ್ಲಿ ಉಪ್ಪು ಹೆಚ್ಚು ಕಡಿಮೆಯಾಗಿರಲಿಲ್ಲ. ಅಳತೆಯೇ ಅವಳ ಹೆಮ್ಮೆ. ಮಗನಿಗೆ ತೋಟವೆಂದರೆ ಚಿಕ್ಕಂದಿನಿಂದಲೂ ಆಕಳಿಕೆ ಬರುತ್ತಿತ್ತು; ಸೊಸೆಗೆ ಹಾಗಲ್ಲ. ನಾಲ್ಕು ವರ್ಷಗಳಿಂದ ಯಜಮಾನರ ಜೊತೆ ಸಾಲು ಸಾಲು ಓಡಾಡುತ್ತಿದ್ದಳು. ಯಜಮಾನರಿಗೆ ಅದರಿಂದ ಎಷ್ಟು ಖುಷಿಯೆಂಬುದು ಅವರ ಬಾಯಿಂದ ಮಾತ್ರ ಎಂದೂ ಬಂದಿರಲಿಲ್ಲ. ಹೊಗಳುವುದಕ್ಕೂ ತಪ್ಪೊಪ್ಪಿಕೊಳ್ಳುವುದಕ್ಕೂ ಅವರ ನಾಲಿಗೆ ಹೊರಳುತ್ತಲೇ ಇರಲಿಲ್ಲ.

ಕಿತ್ತಳೆ ಮರದ ಗುಣ ವಿಚಿತ್ರ. ಒಂದು ವರ್ಷ ಮೈಮುರಿದು ದುಡಿದರೆ ಮರುವರ್ಷ ಹಾಸಿಗೆ ಬಿಟ್ಟೇಳುವುದಿಲ್ಲ. ಎರಡು ವರ್ಷದ ಹಿಂದೆ ಊರುಗೋಲು ಕೊಟ್ಟರೂ ಕೊಂಬೆ ಮುರಿಯುವಷ್ಟು ಕಾಯಿ ಬಂದಿತ್ತು. ಆದರೆ ಒಂದೊಂದೂ ನಿಂಬೆಯ ಗಾತ್ರ. ಜ್ಯೂಸ್ ಕಾರ್ಖಾನೆಯವರೂ ಮೂಗು ಮುರಿದರು. ಕಳೆದ ವರ್ಷ ಹೂವೇ ಇಲ್ಲ. ಈ ವರ್ಷ ಮತ್ತೆ ಎಲೆಗಿಂತ ಹೀಚೇ ಜಾಸ್ತಿ ಎನ್ನುವ ಹಾಗೆ ಕಚ್ಚಿಕೊಂಡಿತು. ಸೊಸೆ ಎರಡು ದಿನದ ತೋಟಗಾರಿಕೆ ತರಬೇತಿಗೆ ಹೋಗಿ ಬಂದವಳು ಒಂದು ನೋಟ್‌ಬುಕ್ಕನ್ನೂ ಒಂದು ಬಾಟಲಿಯನ್ನೂ ಊಟದ ಮೇಜಿನ ಮೇಲಿಟ್ಟಳು.

"ಇದು ಹುಳಕ್ಕೆ ಹೊಡೆಯೋದಲ್ಲ ಮಾವ. ಬೆಳವಣಿಗೆ ನಿಯಂತ್ರಕ ಅಂತಾರೆ. ಹೀಚು ಬಟಾಣಿಗಿಂತ ದಪ್ಪ, ಗೋಲಿಗಿಂತ ಸಣ್ಣ ಇರೋವಾಗ ಹೊಡೆದ್ರೆ ಮರವೇ ಅರ್ಧ ಕಾಯಿ ಬಿಟ್ಟುಬಿಡುತ್ತೆ. ಉಳಿದಿದ್ದು ದಪ್ಪ ಆಗುತ್ತೆ. ಮರಕ್ಕೆ ಸುಸ್ತಾಗಲ್ಲ, ಮುಂದಿನ ವರ್ಷವೂ ಹೂವು ಬಿಡುತ್ತೆ."

"ಬಿಟ್ಟುಬಿಡುತ್ತೆ ಅಂದ್ರೆ ಎಲ್ಲಿಗೆ ಬಿಡುತ್ತೆ?" ಅತ್ತೆ ಕೇಳಿದಳು.

"ನೆಲಕ್ಕೆ, ಅತ್ತೆ."

ಬಡಿಸುತ್ತಿದ್ದ ಸೌಟು ನಿಂತಿತು. "ಬಂದಿರೋ ಕಾಯೀನ ಬೀಳಿಸೋಕೆ ದುಡ್ಡು ಕೊಟ್ಟು ಔಷಧಿ ತಂದಿದ್ದೀಯಾ?"

"ಅಮ್ಮಾ, ಆರು ಜನ ಹತ್ತೋ ಲಿಫ್ಟಿಗೆ ಹನ್ನೆರಡು ಜನ ಹತ್ತಿದ್ರೆ ಅದು ಅಲ್ಲಾಡಲ್ಲ," ಮಗ ಅನ್ನ ಕಲಸುತ್ತ ಹೇಳಿದ. "ಅರ್ಧ ಜನ ಇಳೀಲೇಬೇಕು."

"ನಿನ್ನ ಲಿಫ್ಟು ನೀನೇ ಇಟ್ಕೋ. ನನ್ನ ಕಾಯಿ ಮುಟ್ಬೇಡಿ."

ಯಜಮಾನರು ಬಾಟಲಿಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಅಕ್ಷರ ಇರುವೆಯಷ್ಟು ಸಣ್ಣವು. "ಇದರಲ್ಲಿ ಕಷ್ಟದ ಕೆಲಸ ಯಾವುದು?"

"ಅಳತೆ ಒಂದೇ ಕಷ್ಟ. ಹೆಚ್ಚಾದ್ರೆ ಮರ ಬೋಳಾಗುತ್ತೆ. ಸುಡೋ ಬಿಸಿಲಲ್ಲಿ ಹೊಡೆದ್ರೂ ಅಷ್ಟೇ. ಅಳತೆ ನನಗೆ ಬಿಡಿ, ಸ್ಪ್ರೇ ಗನ್ ನೀವು ಹಿಡೀರಿ."

"ಸರಿ, ಹೊಡೆಯೋಣ," ಅಂದರು ಯಜಮಾನರು. ಹೆಂಡತಿ ಅವರ ತಟ್ಟೆಗೆ ಮೊಸರು ಹಾಕದೆ ಒಳಗೆ ಹೋದಳು.

ಇನ್ನೂರು ಲೀಟರಿನ ಡ್ರಮ್ಮು, ಮರಕ್ಕೆ ಹತ್ತು ಲೀಟರ್, ಒಂದು ಡ್ರಮ್ಮಿಗೆ ಇಪ್ಪತ್ತು ಮರ. ಎರಡು ಬೆಳಗ್ಗೆ ಸೇರಿ ಎಂಟು ಡ್ರಮ್ಮು. ಸೊಸೆ ಪ್ರತಿ ಸಲವೂ ಗೆರೆ ಇರುವ ಗಾಜಿನ ಕೊಳವೆಯನ್ನು ಕಲ್ಲಿನ ಮೇಲಿಟ್ಟು, ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ಔಷಧಿ ಅಳೆದಳು. ಹತ್ತು ಮರಗಳನ್ನು ಆರಿಸಿ, ಮರಕ್ಕೆ ಎರಡು ಕೊಂಬೆಯಂತೆ ಕೆಂಪು ದಾರ ಕಟ್ಟಿ, ಆ ಕೊಂಬೆಗಳ ಹೀಚನ್ನೆಲ್ಲ ಎಣಿಸಿ ಬರೆದಿಟ್ಟುಕೊಂಡಳು. ಮೊದಲ ಡ್ರಮ್ಮಿನ ಮೊದಲ ಮರ ಅಡುಗೆಮನೆ ಬಾಗಿಲಿನ ಪಕ್ಕದ್ದು. ಮನೆಯವರು ತಿನ್ನುವ ಹಣ್ಣು ಬರುವುದೆಲ್ಲ ಅದರಿಂದಲೇ.

ಎರಡನೆಯ ದಿನ ಪಂಪು ಕೆಟ್ಟು ಕೆಲಸ ತಡವಾಯಿತು. ಕೊನೆಯ ಸಾಲಿನ ಮರಗಳು ಗಿಡ್ಡ, ಅವಕ್ಕೆ ಔಷಧಿ ಅಷ್ಟು ಹಿಡಿಯಲಿಲ್ಲ, ಡ್ರಮ್ಮಿನ ತಳದಲ್ಲಿ ಸ್ವಲ್ಪ ಉಳಿಯಿತು. ಸೊಸೆ ಮಗಳನ್ನು ಶಾಲೆಯಿಂದ ಕರೆತರಲು ಹೊರಟು ನಿಂತಿದ್ದಳು. "ಉಳಿದಿದ್ದನ್ನ ಗೇಟಿನ ಆಚೆ ಖಾಲಿ ಜಾಗಕ್ಕೆ ಚೆಲ್ಲಿಬಿಡಿ ಮಾವ. ಮರಕ್ಕೆ ಮಾತ್ರ ಬೇಡ," ಅಂದು ಹೋದಳು.

ಯಜಮಾನರು ಡ್ರಮ್ಮಿದ್ದ ತಳ್ಳುಗಾಡಿಯನ್ನು ಗೇಟಿನ ತನಕ ತಳ್ಳಿದರು. ಡ್ರಮ್ಮನ್ನು ಬಾಗಿಸಿದರು. ಒಳಗೆ ಔಷಧಿ ಗುಳಗುಳ ಅಂತು. ಅಷ್ಟು ದುಬಾರಿಯದು, ಅಷ್ಟು ಜೋಪಾನವಾಗಿ ಅಳೆದದ್ದು, ಮುಳ್ಳು ಗಿಡಕ್ಕೆ ಚೆಲ್ಲುವುದೆ? ಕೈ ಬರಲಿಲ್ಲ. ಡ್ರಮ್ಮನ್ನು ನೆಟ್ಟಗೆ ಮಾಡಿ ಗಾಡಿ ತಿರುಗಿಸಿದರು. ಮನೆಯವರು ತಿನ್ನುವ ಮರ, ಸ್ವಲ್ಪ ಜಾಸ್ತಿ ಸಿಕ್ಕರೆ ಕಾಯಿ ಇನ್ನೂ ದಪ್ಪ ಆದೀತು ಎಂದುಕೊಂಡು, ಉಳಿದದ್ದನ್ನೆಲ್ಲ ತಲೆ ಸೀಳುವ ಬಿಸಿಲಿನಲ್ಲಿ ಅಡುಗೆಮನೆ ಬಾಗಿಲ ಮರಕ್ಕೇ ಹೊಡೆದು, ಡ್ರಮ್ಮು ತೊಳೆದು ಬೋರಲು ಹಾಕಿ, ಊಟಕ್ಕೆ ಕೂತರು. ತೃಪ್ತಿಯಿಂದಲೇ ಉಂಡರು.

ಆರನೆಯ ದಿನ ಉದುರಲು ಶುರುವಾಯಿತು. ತೋಟದಲ್ಲಿ ಸೊಸೆ ಹೇಳಿದಂತೆಯೇ ಅಲ್ಲೊಂದು ಇಲ್ಲೊಂದು. ಅಡುಗೆಮನೆ ಬಾಗಿಲಲ್ಲಿ ಮಾತ್ರ ಹಾಗಲ್ಲ. ಹೊಸಿಲು ದಾಟಿದರೆ ಕಾಲಿಗೆ ಹೀಚು ಸಿಕ್ಕಿ ಪಚಪಚ ಅನ್ನುತ್ತಿತ್ತು. ಪಾತ್ರೆ ತೊಳೆಯುವ ಕಲ್ಲಿನ ಮೇಲೆ ಹೀಚು, ಒಣಹಾಕಿದ ಬಟ್ಟೆಯ ಜೇಬಿನಲ್ಲಿ ಹೀಚು. ಮೊಮ್ಮಗಳು ಗುಬ್ಬಿಗೆ ಹಬ್ಬವೇ ಹಬ್ಬ. ಲಂಗದ ತುಂಬ ತುಂಬಿಕೊಂಡು ಬಂದು ಅಜ್ಜಿಯ ಮುಂದೆ ಸುರಿದಳು. "ಅಜ್ಜೀ, ನಾನೂರು! ಇನ್ನೂ ಇದೆ!"

ಅಜ್ಜಿ ಮಂಡಿನೋವಿನವಳು. ತೋಟದೊಳಕ್ಕೆ ಕಾಲಿಟ್ಟು ಒಂದು ವರ್ಷವಾಗಿತ್ತು. ಅವಳ ಕಣ್ಣಿಗೆ ತೋಟವೆಂದರೆ ಆ ಒಂದು ಮರ.

"ನೋಡಿ, ಕಣ್ಣು ಬಿಟ್ಟು ನೋಡಿ," ಅವಳು ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಶುರು ಮಾಡಿದಳು. "ಬಾಗಿಲಲ್ಲೇ ಹೀಗಿದ್ರೆ ಒಳಗೆ ಹೇಗಿರ್ಬೇಡ! ಪುಸ್ತಕ ನೋಡ್ಕೊಂಡು ತೋಟ ಮಾಡ್ತಾರಂತೆ!"

"ಒಳಗೆ ಹೀಗಿಲ್ಲ ಅತ್ತೆ. ದಾರ ಕಟ್ಟಿರೋ ಕೊಂಬೆ ಎಣಿಸಿದ್ದೀನಿ, ನೂರಕ್ಕೆ ಇಪ್ಪತ್ತು ಬಿದ್ದಿದೆ ಅಷ್ಟೆ."

"ಹಾಗಾದ್ರೆ ಇದಕ್ಕೇನಾಯ್ತು?"

"ಗೊತ್ತಿಲ್ಲ," ಅಂದಳು ಸೊಸೆ. ಆ ಮಾತು ಅವಳ ಬಾಯಿಂದ ಬರುವುದು ಅಪರೂಪ. "ಅದೇ ಔಷಧಿ, ಅದೇ ಅಳತೆ. ಮೊದಲನೇ ಡ್ರಮ್ಮು ನಾನೇನಾದ್ರೂ..." ಅಲ್ಲಿಗೆ ನಿಲ್ಲಿಸಿದಳು.

ಯಜಮಾನರು ತಟ್ಟೆಯಿಂದ ತಲೆಯೆತ್ತಿದರು. ಬಾಯಿ ತೆರೆದರು. ಹೆಂಡತಿ ಅವರ ಕಡೆ ತಿರುಗಿ, "ನೀವೇನು ಹೇಳ್ತೀರಿ?" ಅಂದಳು.

"ಸ್ವಲ್ಪ ಬೇಳೆ ಹಾಕು," ಅಂದರು.

ಮರುದಿನದಿಂದ ಯಜಮಾನರು ಹೆಂಡತಿ ಏಳುವ ಮೊದಲೇ ಎದ್ದು ಪೊರಕೆ ಹಿಡಿಯತೊಡಗಿದರು. ಮದುವೆಯಾದಾಗಿನಿಂದ ಕಸ ಗುಡಿಸದ ಮನುಷ್ಯ ಮರದ ಬುಡದಲ್ಲಿ ಕಳ್ಳನ ಹಾಗೆ ಬಗ್ಗಿ, ಬಿದ್ದ ಹೀಚನ್ನೆಲ್ಲ ಬುಟ್ಟಿಗೆ ತುಂಬಿ ಗೊಬ್ಬರದ ಗುಂಡಿಗೆ ಹಾಕಿ ಬರುತ್ತಿದ್ದರು. ಅಷ್ಟರಲ್ಲಿ ಹಿಂದೆಯೇ ಮತ್ತಷ್ಟು ಬೀಳುತ್ತಿತ್ತು. ಮರಕ್ಕೆ ಮಾನ ಮರ್ಯಾದೆ ಇದ್ದಂತೆ ಕಾಣಲಿಲ್ಲ.

ಸೊಸೆ ನೋಟ್‌ಬುಕ್ ತೆಗೆದು ಎಲ್ಲ ಲೆಕ್ಕ ಮತ್ತೆ ಹಾಕಿದಳು. ಸರಿಯಿತ್ತು. ಆಮೇಲೆ ಡ್ರಮ್ಮಿನ ಮೇಲೆ ಅನುಮಾನ ಬಂತು. ನಿಜವಾಗಿ ಇನ್ನೂರು ಲೀಟರ್ ಹಿಡಿಯುತ್ತದೋ ಇಲ್ಲವೋ ನೋಡಬೇಕು, ಹತ್ತು ಲೀಟರಿನ ಬಕೆಟ್‌ನಲ್ಲಿ ನೀರು ಹೊತ್ತು ಸುರಿಯೋಣ ಅಂದಳು. ಇಪ್ಪತ್ತು ಬಕೆಟ್. ಅಷ್ಟನ್ನೂ ಯಜಮಾನರೇ ಹೊತ್ತರು. ಹೊತ್ತದ್ದೇ ಶಿಕ್ಷೆ, ಇದರಲ್ಲೇ ತೀರಿತು ಎಂದು ಒಳಗೊಳಗೇ ಸಮಾಧಾನ ಮಾಡಿಕೊಂಡರು. ತೀರಲಿಲ್ಲ. ಇಪ್ಪತ್ತನೆಯ ಬಕೆಟ್ಟಿಗೆ ಡ್ರಮ್ಮು ಅಂಚಿನ ತನಕ ತುಂಬಿತು. ಸೊಸೆಯ ಮುಖ ಸಣ್ಣದಾಯಿತು. ಡ್ರಮ್ಮಿನದು ತಪ್ಪಿಲ್ಲವೆಂದರೆ ತಪ್ಪು ತನ್ನ ಕೈಯದೇ.

"ನೋಡಮ್ಮಾ..." ಅಂದರು ಯಜಮಾನರು.

"ಏನು ಮಾವ?"

ಅವರು ಬಕೆಟ್ಟನ್ನು ಎತ್ತಿ ಅದರ ತಳ ನೋಡಿದರು. "ಈ ಬಕೆಟ್ಟು ಸೋರ್ತಿದೆ," ಅಂದರು. ಬಕೆಟ್ ಸೋರುತ್ತಿರಲಿಲ್ಲ.

ಪಕ್ಕದ ತೋಟದವನು ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತನಾದವನು. ಎಲ್ಲರ ಬಾಯಲ್ಲೂ ಈಗಲೂ ಕಂಡಕ್ಟರ್. ಹದಿಮೂರನೆಯ ದಿನ ಚಹಾದ ಹೊತ್ತಿಗೆ ಸರಿಯಾಗಿ ಬಂದು ಮರದ ಕೆಳಗೆ ನಿಂತು ತಲೆಯೆತ್ತಿ ನೋಡಿದ.

"ಏನ್ ಯಜಮಾನ್ರೇ, ಮರಕ್ಕೆ ಕ್ಷೌರ ಮಾಡಿಸಿಬಿಟ್ಟಿದ್ದೀರಲ್ಲ!"

ಯಜಮಾನರು ಚಹಾ ಗುಟುಕರಿಸಿದರು.

"ಔಷಧಿ ಅಂಗಡಿಯವರು ಅಂದ್ಮೇಲೆ ಡೋಸು ಸರಿಯಾಗಿರ್ಬೇಕಿತ್ತಪ್ಪ. ಮರ ಆಗಿದ್ದಕ್ಕೆ ಸರಿಹೋಯ್ತು, ಮನುಷ್ಯರಾಗಿದ್ರೆ?" ಕಂಡಕ್ಟರ್ ತನ್ನ ಮಾತಿಗೆ ತಾನೇ ನಕ್ಕ. ಕೆಟ್ಟವನಲ್ಲ, ಬಾಯಿ ಮಾತ್ರ ಸ್ವಲ್ಪ ಉದ್ದ.

ಒಲೆಯ ಮುಂದೆ ನಿಂತಿದ್ದ ಸೊಸೆಗೆ ಎಲ್ಲವೂ ಕೇಳಿಸಿತು. ರಾತ್ರಿ ಊಟಕ್ಕೆ ಅವಳು ಕೂರಲಿಲ್ಲ, ಹಸಿವಿಲ್ಲ ಅಂದಳು. ಮಗ ಅಪ್ಪನ ಪಕ್ಕ ಬಂದು ಮೆಲ್ಲಗೆ, "ಅಪ್ಪಾ, ಅವಳಿಗೆ ನಿದ್ದೆಯೇ ಇಲ್ಲ. ತೋಟದ ಮರಗಳೂ ನಾಳೆ ನಾಡಿದ್ದು ಹೀಗೇ ಆಗ್ತವೆ ಅಂತ ಕಾಯ್ಕೊಂಡು ಕೂತಿದ್ದಾಳೆ. ನೀವಾದ್ರೂ ಒಂದು ಮಾತು ಹೇಳಿ," ಅಂದ.

"ಏನಂತ ಹೇಳ್ಲಿ?"

"ಏನಾದ್ರೂ. ನಿಮ್ಮ ಮಾತು ಅಂದ್ರೆ ಅವಳಿಗೆ ನಂಬಿಕೆ."

ಅದು ಯಜಮಾನರಿಗೆ ಕಪಾಳಕ್ಕೆ ಬಾರಿಸಿದ ಹಾಗಾಯಿತು. ಹೇಳಬೇಕೆಂದು ಎದ್ದೂ ಎದ್ದರು. ಅಡುಗೆಮನೆಯಲ್ಲಿ ಹೆಂಡತಿ ಪಾತ್ರೆ ಕುಕ್ಕುತ್ತ ಬಯ್ಯುತ್ತಿದ್ದಳು. ಈಗ ಹೇಳಿದರೆ ಆ ಬೈಗುಳವೆಲ್ಲ ಬಡ್ಡಿ ಸಮೇತ ತನ್ನ ತಲೆಗೆ ಬರುತ್ತದೆ. ನಾಳೆ ನೋಡೋಣ ಎಂದು ಕೈ ತೊಳೆದು ಮಲಗಿದರು. ಇಷ್ಟು ವಯಸ್ಸಾದ ಮೇಲೆ ಮನುಷ್ಯ ಇಷ್ಟು ಹೇಡಿಯಾಗಬಾರದು, ಆದರೆ ಆದರು. ನಾಳೆಯೂ ಆಯಿತು, ನಾಡಿದ್ದೂ ಆಯಿತು.

ಹದಿನೆಂಟನೆಯ ದಿನ ಭಾನುವಾರ. ಎಲ್ಲರೂ ಮನೆಯಲ್ಲಿದ್ದರು. ಗುಬ್ಬಿಗೆ ಕೆಮ್ಮು, ಡಾಕ್ಟರು ಸಿರಪ್ಪು ಬರೆದುಕೊಟ್ಟಿದ್ದರು, ಐದು ಮಿಲಿಲೀಟರ್, ಊಟಕ್ಕೆ ಮುಂಚೆ. ತಟ್ಟೆ ಹಾಕಿ ಎಲ್ಲರೂ ಕೂತಾಗಿತ್ತು. ಸೊಸೆ ಬಾಟಲಿಯ ಮುಚ್ಚಳದಷ್ಟಿದ್ದ ಅಳತೆಯ ಲೋಟಕ್ಕೆ ಸಿರಪ್ಪು ಸುರಿದಳು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ವಾಪಸ್ ಬಾಟಲಿಗೆ ಸುರಿದಳು. ಮತ್ತೆ ಸುರಿದಳು, ಮತ್ತೆ ಬೆಳಕಿಗೆ ಹಿಡಿದಳು. ಮೂರನೆಯ ಸಲ ಎರಡು ಹನಿ ಮೇಜಿನ ಮೇಲೆ ಬಿತ್ತು.

"ಅಮ್ಮಾ, ಬೇಗ," ಅಂದಳು ಗುಬ್ಬಿ.

ಸೊಸೆ ಲೋಟವನ್ನೂ ಬಾಟಲಿಯನ್ನೂ ಗಂಡನ ಮುಂದೆ ತಳ್ಳಿದಳು. "ನೀವೇ ಅಳೀರಿ. ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ."

ಬಯ್ಯಲು ಬಾಯಿ ಸಿದ್ಧವಿಟ್ಟುಕೊಂಡಿದ್ದ ಅತ್ತೆ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. ಸಾವಿರಾರು ಜನರಿಗೆ ಅಳೆದು ಕೊಟ್ಟ ಕೈ, ಸ್ವಂತ ಮಗಳಿಗೆ ಐದು ಮಿಲಿ ಸುರಿಯಲು ಹೆದರಿತ್ತು. ಇಷ್ಟು ದಿನ ಯಜಮಾನರು ಮರದ ಲೆಕ್ಕ ಹಾಕುತ್ತಿದ್ದರು, ತಮ್ಮ ಮರ್ಯಾದೆಯ ಲೆಕ್ಕ ಹಾಕುತ್ತಿದ್ದರು. ಈ ಹುಡುಗಿಯ ಲೆಕ್ಕ ಹಾಕಿರಲೇ ಇಲ್ಲ.

"ಆ ಮರಕ್ಕೆ ನಾನು ಎರಡು ಸಲ ಹೊಡೆದಿದ್ದೀನಿ," ಅಂದರು.

"ಯಾವ ಮರಕ್ಕೆ?" ಮಗ ಕೇಳಿದ.

"ಬಾಗಿಲ ಮರಕ್ಕೆ. ಉಳಿದಿದ್ದನ್ನ ಚೆಲ್ಲು ಅಂದಿದ್ಲು. ನಾನು ಚೆಲ್ಲಲಿಲ್ಲ. ಅದಕ್ಕೇ ಹೊಡೆದೆ."

ಸೊಸೆ ತಲೆಯೆತ್ತಿದಳು. ಅಳಲಿಲ್ಲ, ಕೂಗಲಿಲ್ಲ. ಕೌಂಟರಿನ ಆಚೆ ನಿಂತ ಗಿರಾಕಿಯನ್ನು ಕೇಳುವ ಹಾಗೆ ಕೇಳಿದಳು. "ಎಷ್ಟು ಉಳಿದಿತ್ತು?"

"ಅರ್ಧ ಗೇಣು ಇರ್ಬೇಕು."

"ಗೇಣು ಬೇಡ ಮಾವ, ಲೀಟರಲ್ಲಿ ಹೇಳಿ."

"ಮೂವತ್ತು."

"ಎಷ್ಟು ಗಂಟೆಗೆ?"

"ಹನ್ನೆರಡೂವರೆ."

"ಬಿಸಿಲಿತ್ತಾ?"

"ತಲೆ ಸೀಳೋ ಹಾಗಿತ್ತು."

"ಮೂವತ್ತೂ ಒಂದೇ ಮರಕ್ಕಾ?"

"ಒಂದೇ ಮರಕ್ಕೆ."

"ಹತ್ತು ಮೊದಲೇ ಕೊಟ್ಟಿತ್ತು. ಒಟ್ಟು ನಲವತ್ತು. ನಾಲ್ಕು ಪಟ್ಟು," ಅಂದಳು ಸೊಸೆ, ಯಾರಿಗೋ ಓದಿ ಹೇಳುವಂತೆ. "ಅದೂ ಸುಡೋ ಬಿಸಿಲಲ್ಲಿ." ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು. ಭುಜ ಅಲುಗಾಡತೊಡಗಿತು.

"ಅಮ್ಮ ಅಳ್ತಿದ್ದಾಳಾ, ನಗ್ತಿದ್ದಾಳಾ?" ಗುಬ್ಬಿ ಕೇಳಿದಳು. ಮೇಜಿನ ಸುತ್ತ ಕೂತ ಯಾರಿಗೂ ಗೊತ್ತಾಗಲಿಲ್ಲ. ಎರಡೂ ಇತ್ತು ಅಂತ ಕಾಣುತ್ತದೆ.

ಹೆಂಡತಿ ಯಜಮಾನರ ಕಡೆ ತಿರುಗಿದಳು. "ಚೆಲ್ಲೋಕೆ ಏನಾಗಿತ್ತು ನಿಮಗೆ?"

"ನೀನಾಗಿದ್ರೆ ಚೆಲ್ತಿದ್ಯಾ?"

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸೋಲುವ ಹೆಂಗಸಲ್ಲ. "ಅದು ಬೇರೆ ಮಾತು. ಇಷ್ಟು ದಿನ ಈ ಹುಡುಗೀನ ನಾನು ಬಾಯಿಗೆ ಬಂದಂಗೆ ಅಂದೆನಲ್ಲ, ಆಗ ನಿಮ್ಮ ಬಾಯಿ ಎಲ್ಲಿಟ್ಟಿದ್ರಿ? ಬೆಳಗಾಗೆದ್ದು ಕಸ ಗುಡಿಸ್ತಿದ್ರಲ್ಲ, ವಯಸ್ಸಾದ ಮೇಲೆ ಬುದ್ಧಿ ಬಂತು ಅಂತ ನಾನು ಖುಷಿ ಪಟ್ಕೊಂಡಿದ್ದೆ!"

ಮಗನಿಗೆ ನಗು ತಡೆಯಲಾಗಲಿಲ್ಲ.

"ನೀವು ನಗ್ಬೇಡಿ," ಸೊಸೆ ಮುಖದಿಂದ ಕೈ ತೆಗೆದಳು. ಈಗ ನಿಜವಾಗಿ ಸಿಟ್ಟು ಬಂದಿತ್ತು. "ಮರ ಹೋದ್ರೆ ಹೋಗ್ಲಿ ಮಾವ, ಒಂದು ಮರ. ನಾನು ನನ್ನ ಕೈಯೇ ಹೋಯ್ತು ಅಂದ್ಕೊಂಡಿದ್ದೆ. ನಿಮ್ಮ ಜೊತೆಗೆ ಡ್ರಮ್ಮಿಗೆ ನೀರು ತುಂಬಿಸಿದೆ. ಇಪ್ಪತ್ತು ಬಕೆಟ್ ಹೊತ್ರಿ. ಆಗ್ಲೂ ಹೇಳ್ಲಿಲ್ಲ."

"ಹೇಳ್ಲಿಲ್ಲ. ತಪ್ಪಾಯ್ತು," ಅಂದರು ಯಜಮಾನರು.

ಆ ಪದ ಅಂದವರು ಬೇರೆ ಯಾರಾದರೂ ಇದ್ದಾರೆಯೇ ಎಂಬಂತೆ ಹೆಂಡತಿ ಕೋಣೆಯ ಸುತ್ತ ನೋಡಿದಳು. ನಲವತ್ತು ವರ್ಷದಲ್ಲಿ ಅವಳು ಅದನ್ನು ಆ ಬಾಯಿಂದ ಕೇಳಿರಲಿಲ್ಲ. ಆಮೇಲೆ ಎದ್ದು, ಮಂಡಿ ನೋವಿನಲ್ಲೇ ಮೇಜಿನ ಆ ಕಡೆ ಹೋಗಿ, ಸೊಸೆಯ ತಟ್ಟೆಗೆ ತಾನೇ ಅನ್ನ ಬಡಿಸಿದಳು. ಮೇಲೆ ಎರಡು ಬೇಯಿಸಿದ ಮೊಟ್ಟೆ ಇಟ್ಟಳು. ಎರಡರಲ್ಲಿ ಒಂದು ಯಜಮಾನರ ಪಾಲಿನದು. "ಮೊದಲು ಉಣ್ಣು. ಆಮೇಲೆ ಇಬ್ರೂ ಸೇರಿ ಇವರನ್ನ ನೋಡ್ಕೊಳ್ಳೋಣ."

"ನನ್ನ ಔಷಧಿ?" ಅಂದಳು ಗುಬ್ಬಿ.

ಸೊಸೆ ಗಂಡನ ಮುಂದಿದ್ದ ಬಾಟಲಿಯನ್ನು ಎಳೆದುಕೊಂಡಳು. ಒಂದೇ ಸಲ ಸುರಿದಳು, ಗೆರೆಯ ಮೇಲೆ ಒಂದು ನೋಟ ಹಾಯಿಸಿ ಮಗಳ ಬಾಯಿಗೆ ಹಾಕಿದಳು. ಗುಬ್ಬಿ ಮುಖ ಕಿವುಚಿದಳು. ಯಜಮಾನರಿಗೆ ಮೊಟ್ಟೆಯಿಲ್ಲದ ಊಟವೂ ರುಚಿಯಾಗಿಯೇ ಇತ್ತು.

ಊಟವಾದ ಮೇಲೆ ಅತ್ತೆ, ತಾನು ತೋಟ ನೋಡಲೇಬೇಕೆಂದು ಹಟ ಹಿಡಿದಳು. ಒಂದು ಕಡೆ ಮಗ, ಇನ್ನೊಂದು ಕಡೆ ಸೊಸೆ ಹಿಡಿದುಕೊಂಡು ಮೆಲ್ಲಗೆ ಕರೆದೊಯ್ದರು. ಮೂರನೆಯ ಸಾಲಿನಲ್ಲಿ ನಿಂತು ಅವಳು ಒಂದು ಕೊಂಬೆಯನ್ನು ಕೆಳಗೆಳೆದು ನೋಡಿದಳು. ಎಲೆಗಳ ನಡುವೆ ಬಿಡಿಬಿಡಿಯಾಗಿ, ಒಂದಕ್ಕೊಂದು ತಾಗದಂತೆ, ಕಡುಹಸಿರು ಕಾಯಿ.

"ಇಷ್ಟೊಂದು ಇದೆಯಲ್ಲೇ!" ಅಂದಳು. "ಇದನ್ನ ಮೊದಲೇ ತೋರಿಸೋಕೆ ಏನು ಕಷ್ಟ?"

"ಕರೆದೆನಲ್ಲ ಅತ್ತೆ, ನೀವೇ ಮಂಡಿನೋವು ಅಂದ್ರಿ."

"ನೋವಿರೋದು ಮಂಡಿಗೆ, ಕಣ್ಣಿಗಲ್ಲ. ಹೊತ್ಕೊಂಡು ಬರ್ಬೇಕಿತ್ತು," ಅಂದಳು ಅತ್ತೆ. ಅವಳು ಕ್ಷಮೆ ಕೇಳುವುದು ಹಾಗೆಯೇ.

ಮುಂದಿನ ವಾರ ಉದುರುವುದು ಪೂರ್ತಿ ನಿಂತಿತು. ಸೊಸೆ ಕೆಂಪು ದಾರದ ಇಪ್ಪತ್ತು ಕೊಂಬೆಗಳನ್ನು ಕೊನೆಯ ಸಲ ಎಣಿಸಿದಳು. ಯಜಮಾನರು ಪಕ್ಕದಲ್ಲಿ ನಿಂತು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ನೂರಕ್ಕೆ ನಲವತ್ತೊಂಬತ್ತು ಉಳಿದಿತ್ತು. ಬಾಗಿಲ ಮರದಲ್ಲಿ ಒಟ್ಟು ಒಂಬತ್ತೇ ಒಂಬತ್ತು ಕಾಯಿ. "ಅದು ಈ ವರ್ಷ ರಜೆ ತಗೊಂಡಿದೆ ಅಂದ್ಕೊಳ್ಳಿ. ಬರೋ ವರ್ಷ ಮೈತುಂಬ ಹೂ ಬಿಡುತ್ತೆ," ಅಂದಳು ಸೊಸೆ. ಕಾಯಿ ದಿನದಿನಕ್ಕೆ ಊದಿಕೊಳ್ಳುತ್ತ ಬಂತು. ಇನ್ನೂ ಮೂರು ವಾರ ಕಳೆಯುವಷ್ಟರಲ್ಲಿ ಪಕ್ಕದ ತೋಟದಲ್ಲಿ ಗೊಂಚಲಿಗೆ ಗೊಂಚಲೇ ಒತ್ತೊತ್ತಾಗಿ ಸಣ್ಣಗೆ ಉಳಿದಿದ್ದರೆ, ಇಲ್ಲಿಯದು ಬೇಲಿಯಾಚೆಯಿಂದಲೇ ಕಾಣುವಷ್ಟು ದಪ್ಪವಾಗಿತ್ತು.

ಕಂಡಕ್ಟರ್ ಬಂದ. ಈ ಸಲ ಚಹಾದ ಹೊತ್ತಿಗೆ ಮುಂಚೆಯೇ. ತೋಟವನ್ನೆಲ್ಲ ಒಂದು ಸುತ್ತು ಹಾಕಿ ಬಂದು ಬಾಗಿಲ ಮರದ ಕೆಳಗೆ ಯಜಮಾನರ ಪಕ್ಕ ಕೂತ.

"ಕಾಯೇನೋ ಚೆನ್ನಾಗಿದೆ ಯಜಮಾನ್ರೇ. ಮುಂದಿನ ಸಲ ನಮ್ಮ ತೋಟಕ್ಕೂ ಹೊಡೆಸೋಣ ಅಂತ ಆಸೆ. ಆದ್ರೆ ಈ ಬೋಳು ಮರ ನೋಡಿದ್ರೆ ಎದೆ ಝಲ್ ಅನ್ನುತ್ತೆ. ನಿಜ ಹೇಳಿ, ನಿಮ್ಮ ಸೊಸೆ ಅಳತೇನ ನಂಬಬಹುದಾ?"

ಮರಕ್ಕೆ ವಯಸ್ಸಾಗಿದೆ ಅನ್ನಬಹುದಿತ್ತು, ಬೇರಿಗೆ ಏನೋ ರೋಗ ಅನ್ನಬಹುದಿತ್ತು. ಕಂಡಕ್ಟರ್ ಬಾಯಿಗೆ ಬಿದ್ದ ಮಾತು ಸಂಜೆಯೊಳಗೆ ಎಲ್ಲ ಬೀದಿಗೂ ತಲುಪುತ್ತದೆಂಬುದು ಯಜಮಾನರಿಗೆ ಚೆನ್ನಾಗಿ ಗೊತ್ತಿತ್ತು. ಅಡುಗೆಮನೆಯಲ್ಲಿ ಲೋಟಗಳ ಸದ್ದು ನಿಂತಿತು. ಅವರು ಗಂಟಲು ಸರಿಮಾಡಿಕೊಂಡು, ಒಳಗಿನವರಿಗೂ ಕೇಳುವ ಹಾಗೆ ಗಟ್ಟಿಯಾಗಿಯೇ ಹೇಳಿದರು.

"ತೋಟದಲ್ಲಿರೋ ನೂರ ಐವತ್ತೊಂಬತ್ತು ಮರ ನನ್ನ ಸೊಸೆ ಅಳತೆ. ಈ ಒಂದು ಮರ ನನ್ನ ಅಳತೆ. ಯಾರನ್ನ ಕರೀಬೇಕು ನೀವೇ ನೋಡ್ಕೊಳ್ಳಿ."

ಕಂಡಕ್ಟರ್ ಮರವನ್ನು ನೋಡಿದ, ತೋಟವನ್ನು ನೋಡಿದ, ಯಜಮಾನರ ಮುಖವನ್ನು ಬಹಳ ಹೊತ್ತು ನೋಡಿದ. ಆಮೇಲೆ ಅಡುಗೆಮನೆ ಬಾಗಿಲ ಕಡೆ ತಿರುಗಿ, "ತಂಗೀ," ಎಂದು ಕೂಗಿದ, "ಆ ನಿನ್ನ ನೋಟ್‌ಬುಕ್ ಸ್ವಲ್ಪ ತರ್ತೀಯಾ?"